ಲೆನ್ಸ್ ಒಳಗೆ ಧೂಳು ಕಾಣಿಸಿತಾ? ಬಿಚ್ಚುವ ಮೊದಲು ಇಷ್ಟು ಪರೀಕ್ಷೆ ಮಾಡಿ ನೋಡಿ

ಮಾಷ್ಟ್ರು ಅಂಗಡಿಗೆ ಬಂದದ್ದು ಒಂದು ಕೈಯಲ್ಲಿ ಲೆನ್ಸ್, ಇನ್ನೊಂದು ಕೈಯಲ್ಲಿ ಮೊಬೈಲ್ ಟಾರ್ಚ್ ಹಿಡಿದುಕೊಂಡು. ಬದಿಯಡ್ಕ ಕಡೆಯವರು. ಪಾಠ ಮಾಡಿ ನಿವೃತ್ತರಾದ ಮೇಲೆ ಆಟ (ಯಕ್ಷಗಾನ), ದೈವಗಳ ಕೋಲ, ಹಕ್ಕಿ ಅಂತ ಫೋಟೊ ತೆಗೆಯುತ್ತಾ ಇರುತ್ತಾರೆ.

"ನೋಡಿ, ಒಳಗೆ ಎಷ್ಟು ಧೂಳು ಉಂಟು! ಬೇಕಲ ಕೋಟೆಯ ಫೋಟೊದಲ್ಲೆಲ್ಲ ಕಪ್ಪು ಚುಕ್ಕೆ. ಇದನ್ನು ಬಿಚ್ಚಿ ಕ್ಲೀನ್ ಮಾಡುವವರು ಮಂಗಳೂರಿನಲ್ಲಿ ಯಾರಾದರೂ ಇದ್ದಾರಾ?"

ಟಾರ್ಚ್ ಬೆಳಕಿನಲ್ಲಿ ನಾನೂ ನೋಡಿದೆ. 50 ಎಂಎಂ ಎಫ್/1.8 ಲೆನ್ಸ್. (ಎಫ್ ಸಂಖ್ಯೆ ಅಂದರೆ ಬೆಳಕು ಬರುವ ಬಾಯಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಎಂಬ ಲೆಕ್ಕ. ಸಂಖ್ಯೆ ಚಿಕ್ಕದಾದಷ್ಟು ಬಾಯಿ ದೊಡ್ಡದು.) ಒಳಗೆ ಹತ್ತು ಹದಿನೈದು ಕಣ ಮಿನುಗುತ್ತಿದ್ದವು. ನಡುವೆ ಕೂದಲಿನಂಥ ಒಂದು ಸಣ್ಣ ಎಳೆ. ಆಮೇಲೆ ಫೋಟೊಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದೆ. ಕೋಟೆಯ ವೀಕ್ಷಣಾ ಬುರುಜಿನ ಮೇಲೆ ನೀಲಿ ಆಕಾಶ. ಆ ಆಕಾಶದಲ್ಲಿ, ಎಡಗಡೆ ಮೇಲೆ, ಬೂದು ಬಣ್ಣದ ಮೂರು ಚುಕ್ಕೆ.

"ಮಾಷ್ಟ್ರೇ, ಲೆನ್ಸ್ ಬಿಚ್ಚುವುದು ಬೇಡ. ಈ ಚುಕ್ಕೆ ಆ ಧೂಳಿನದ್ದಲ್ಲ" ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ. ಬರದಿರುವುದು ಸಹಜ. ಕಣ್ಣೆದುರಿಗೆ ಧೂಳು ಇದೆ, ಫೋಟೊದಲ್ಲಿ ಚುಕ್ಕೆಯೂ ಇದೆ. ಎರಡಕ್ಕೂ ನಂಟು ಹಾಕುವುದು ಯಾರಾದರೂ ಮಾಡುವ ಕೆಲಸ. ಆದ್ದರಿಂದ ಅವರನ್ನು ಕೂರಿಸಿ, ಚಹಾ ತರಿಸಿ, ಒಂದೊಂದೇ ಪರೀಕ್ಷೆ ಮಾಡಿ ತೋರಿಸಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರೆಯಲು ಕಾರಣ ಇದೆ. ಧೂಳಿನ ಹೆದರಿಕೆಯಿಂದ ಒಳ್ಳೆಯ ಲೆನ್ಸ್ ಬಿಚ್ಚಿಸಿ ಹಾಳು ಮಾಡಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಕಾಸರಗೋಡಿನಲ್ಲಿ ಕ್ಯಾಮೆರಾಕ್ಕೆ ಧೂಳು ತಪ್ಪಿದ್ದಲ್ಲ. ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಾಗ ತಲಪಾಡಿಯಿಂದ ಈಚೆ ರಸ್ತೆ ಬದಿಯ ಮನೆಗಳೆಲ್ಲ ಕೆಂಪಾಗಿದ್ದವು. ಕೆಂಪುಕಲ್ಲಿನ ಕೋರೆಗಳು ಇವೆ. ಕೊಯ್ಲು ಮುಗಿದ ಗದ್ದೆಯಲ್ಲಿ ಬಯಲಾಟ ಆದರೆ ಬೆಳಗ್ಗೆ ಹೊತ್ತಿಗೆ ಕ್ಯಾಮೆರಾ ಬ್ಯಾಗಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಇಲ್ಲಿ ಕೆಲಸಕ್ಕೆ ಬಳಸಿದ ಯಾವ ಲೆನ್ಸಿನ ಒಳಗೂ ಟಾರ್ಚ್ ಬಿಟ್ಟರೆ ಧೂಳು ಕಂಡೇ ಕಾಣುತ್ತದೆ. ಜೂಮ್ ಮಾಡುವಾಗ ಮುಂದೆ ಉದ್ದವಾಗುವ ಲೆನ್ಸ್ ಆದರೆ ಇನ್ನೂ ಜಾಸ್ತಿ. ಅದು ಉದ್ದವಾಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಗಾಳಿಯ ಜೊತೆ ಧೂಳೂ ಹೋಗುತ್ತದೆ.

ಟಾರ್ಚ್ ಕೆಳಗಿಡಿ, ಫೋಟೊ ನೋಡಿ

ಪತ್ತೆ ಕೆಲಸ ಶುರು ಮಾಡಬೇಕಾದದ್ದು ಲೆನ್ಸಿನಿಂದ ಅಲ್ಲ, ಫೋಟೊದಿಂದ. ಕಂಪ್ಯೂಟರಿನಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡಿ. ಕಲೆ ನಿಜವಾಗಿ ಇದೆಯಾ? ಎಷ್ಟೋ ಸಲ ಇರುವುದೇ ಇಲ್ಲ. ಒಳಗೆ ಕನ್ನಡಿ ಇರುವ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ) ಕಪ್ಪು ಚುಕ್ಕೆ ಕಾಣುತ್ತದೆ, ಫೋಟೊದಲ್ಲಿ ಏನೂ ಇಲ್ಲ ಅಂದರೆ ಧೂಳು ಕೂತಿರುವುದು ಕನ್ನಡಿಯ ಮೇಲಿರುವ ಫೋಕಸಿಂಗ್ ಸ್ಕ್ರೀನಿನಲ್ಲಿ. ಚಿತ್ರ ಮೂಡುವ ಬೆಳಕು ಆ ದಾರಿಯಲ್ಲಿ ಹೋಗುವುದಿಲ್ಲ. ಅದನ್ನು ಹಾಗೇ ಬಿಟ್ಟುಬಿಡಿ. ಆ ಸ್ಕ್ರೀನ್ ತುಂಬಾ ಮೆತ್ತಗಿನ ಪ್ಲಾಸ್ಟಿಕ್. ಬಟ್ಟೆ ತಾಗಿಸಿದರೆ ಗೀರು ಬಿದ್ದು, ಇಲ್ಲದ ತೊಂದರೆ ಇದ್ದದ್ದಾಗುತ್ತದೆ.

ಫೋಟೊದಲ್ಲಿ ಕಲೆ ಇದ್ದರೆ ಎರಡನೆಯ ಪ್ರಶ್ನೆ: ಎಲ್ಲ ಫೋಟೊದಲ್ಲೂ ಒಂದೇ ಜಾಗದಲ್ಲಿ ಇದೆಯಾ? ಮಾಷ್ಟ್ರ ಹತ್ತು ಫೋಟೊ ಸಾಲಾಗಿ ಓಡಿಸಿದೆ. ಕೋಟೆ ಬದಲಾಯಿತು, ಸಮುದ್ರ ಬಂತು, ತೆಂಗಿನ ಮರ ಬಂತು. ಮೂರು ಚುಕ್ಕೆ ಮಾತ್ರ ಕದಲಲಿಲ್ಲ. ಹೀಗೆ ಗಟ್ಟಿಯಾಗಿ ಒಂದೇ ಕಡೆ ಕೂತಿದ್ದರೆ ಅದು ಕ್ಯಾಮೆರಾದೊಳಗಿನ ವಿಷಯ. ಒಂದೇ ಎಫ್ ಸಂಖ್ಯೆಯಲ್ಲಿ ತೆಗೆದರೂ ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಜಾಗ ಬದಲಿಸುತ್ತಿದ್ದರೆ, ಅದು ಹೊರಗಿನ ಗಾಳಿಯಲ್ಲಿ ಇದ್ದದ್ದು. ಅದರ ಬಗ್ಗೆ ಆಮೇಲೆ ಹೇಳುತ್ತೇನೆ.

ಚುಕ್ಕೆ ಕೆಂಪು, ನೀಲಿ, ಹಸಿರು ಹೀಗೆ ಬಣ್ಣದ್ದಾಗಿದ್ದು, ಸೂಜಿ ಮೊನೆಯಷ್ಟು ಚಿಕ್ಕದಾಗಿದ್ದರೆ ಅದು ಧೂಳೇ ಅಲ್ಲ. ರಾತ್ರಿ ಹೊತ್ತು ಶಟರನ್ನು (ಬೆಳಕು ಒಳಗೆ ಬಿಡುವ ಪರದೆಯನ್ನು) ತುಂಬಾ ಹೊತ್ತು ತೆರೆದಿಟ್ಟಾಗ ಸೆನ್ಸರಿನ (ಬೆಳಕನ್ನು ಹಿಡಿದು ಚಿತ್ರ ಮಾಡುವ ಫಲಕದ) ಕೆಲವು ಪಿಕ್ಸೆಲ್‌ಗಳು ಹಾಗೆ ಹೊಳೆಯುತ್ತವೆ. ಕ್ಯಾಮೆರಾದೊಳಗಿನ ಧೂಳು ಬೆಳಕನ್ನು ತಡೆಯುತ್ತದೆ, ಹಾಗಾಗಿ ಅದರ ಕಲೆ ಯಾವತ್ತೂ ಕಪ್ಪು ಅಥವಾ ಬೂದು.

ಸಾಸಿವೆ ಕಾಳಿನಷ್ಟು ಕಾಗದ

ಮಾಷ್ಟ್ರು ಇನ್ನೂ ಲೆನ್ಸನ್ನೇ ನೋಡುತ್ತಿದ್ದರು. ಆಗ ನಾನು ಕಪ್ಪು ಕಾಗದದಿಂದ ಸಾಸಿವೆ ಕಾಳಿನಷ್ಟು ಒಂದು ತುಂಡು ಕತ್ತರಿಸಿದೆ. ಸುಮಾರು 2 ಮಿಲಿಮೀಟರ್. ಅವರ ಲೆನ್ಸಿಗೆ ಒಂದು ಹಳೆಯ ಯುವಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ರಕ್ಷಣೆಯ ಗಾಜು) ಹಾಕಿ, ಅದರ ಗಾಜಿನ ನಟ್ಟನಡುವೆ ಆ ತುಂಡನ್ನು ಅಂಟಿಸಿದೆ. ಲೆನ್ಸಿನ ಗಾಜಿಗೇ ಅಂಟಿಸಬೇಡಿ, ಫಿಲ್ಟರಿಗೆ ಅಂಟಿಸಿ. ಒಳಗಿರುವ ಯಾವ ಧೂಳಿಗಿಂತಲೂ ಅದು ಹತ್ತಾರು ಪಾಲು ದೊಡ್ಡದು. "ಈಗ ಎದುರಿನ ಅಂಗಡಿಯ ಫೋಟೊ ತೆಗೆಯಿರಿ, ಎಫ್/1.8ರಲ್ಲಿ" ಎಂದೆ.

ತೆಗೆದರು. ಫೋಟೊದಲ್ಲಿ ಕಾಗದದ ತುಂಡು ಎಲ್ಲೂ ಇಲ್ಲ. ದೊಡ್ಡದು ಮಾಡಿ ನೋಡಿದರು. ಇಲ್ಲ.

ಯಾಕೆ ಹೀಗೆ? ಸೊಳ್ಳೆ ಪರದೆಗೆ ಕಣ್ಣು ತಾಗುವಷ್ಟು ಹತ್ತಿರ ಇಟ್ಟು ತೋಟದ ಅಡಿಕೆ ಮರವನ್ನು ನೋಡಿ. ಮರ ಸರಿಯಾಗಿ ಕಾಣುತ್ತದೆ, ಪರದೆಯ ನೂಲು ಕಾಣುವುದಿಲ್ಲ. ಕಣ್ಣು ದೂರಕ್ಕೆ ಫೋಕಸ್ ಆಗಿದೆ, ಅಷ್ಟು ಹತ್ತಿರದ ನೂಲು ಕರಗಿಹೋಗಿದೆ. ಲೆನ್ಸಿನ ಮೇಲೆ, ಒಳಗೆ ಇರುವ ಧೂಳೂ ಹಾಗೆಯೇ. ಅದು ಫೋಕಸ್‌ಗೆ ಬರುವ ಜಾಗದಲ್ಲೇ ಇಲ್ಲ. ಮರದ ತುದಿಯ ಒಂದು ಎಲೆಯಿಂದ ಹೊರಟ ಬೆಳಕು ಲೆನ್ಸಿನ ಇಡೀ ಬಾಯಿಯ ಮೂಲಕ ಒಳಗೆ ಬಂದು ಒಂದು ಬಿಂದುವಿನಲ್ಲಿ ಸೇರುತ್ತದೆ. ದಾರಿಯಲ್ಲಿ ಒಂದು ಕಣ ಅಡ್ಡ ಬಂದರೆ ಆ ಬೆಳಕಿನಲ್ಲಿ ಚೂರು ಕಡಿಮೆಯಾಗುತ್ತದೆ, ಅಷ್ಟೇ. ಆಕಾರ ಮೂಡುವುದಿಲ್ಲ.

ಚೂರು ಅಂದರೆ ಎಷ್ಟು? ಲೆಕ್ಕ ಸುಲಭ. 50ನ್ನು 1.8ರಿಂದ ಭಾಗಿಸಿದರೆ ಸುಮಾರು 28. ಅಂದರೆ ಬೆಳಕು ಬರುವ ಬಾಯಿಯ ಅಗಲ 28 ಮಿಲಿಮೀಟರ್. ಅದರ ಎದುರು 2 ಮಿಲಿಮೀಟರ್ ಕಾಗದ ತಡೆಯುವುದು ಸುಮಾರು ಇನ್ನೂರರಲ್ಲಿ ಒಂದು ಪಾಲು ಬೆಳಕು. ಒಳಗಿನ ಧೂಳಿನ ಕಣ 0.2 ಮಿಲಿಮೀಟರ್ ಇದೆ ಎಂದುಕೊಳ್ಳಿ. ಅದು ತಡೆಯುವುದು ಸುಮಾರು ಇಪ್ಪತ್ತು ಸಾವಿರದಲ್ಲಿ ಒಂದು ಪಾಲು. ಅಂಥ ಹದಿನೈದು ಕಣ ಸೇರಿದರೂ ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ. ಅದನ್ನು ಯಾವ ಕಣ್ಣೂ ಗುರುತಿಸಲಾರದು.

ಮಾಷ್ಟ್ರು ಗಣಿತದವರು. ಕಾಗದದ ಮೇಲೆ ತಾವೇ ಒಮ್ಮೆ ಲೆಕ್ಕ ಮಾಡಿ ನೋಡಿದರು. "ಹಾಗಾದರೆ ಚುಕ್ಕೆ ಎಂತದ್ದು?" ಎಂದು ಕೇಳಿದರು.

ಚುಕ್ಕೆ ಇರುವುದು ಸೆನ್ಸರಿನ ಮೇಲೆ

ಇದಕ್ಕೆ ಒಂದೇ ಪರೀಕ್ಷೆ ಸಾಕು. ಕ್ಯಾಮೆರಾವನ್ನು ಎಫ್ ಸಂಖ್ಯೆಯನ್ನು ನಾವೇ ಆರಿಸುವ ಅಪರ್ಚರ್ ಮೋಡ್‌ಗೆ ಹಾಕಿ. ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬ ಲೆಕ್ಕ) 100 ಇರಲಿ. ಲ್ಯಾಪ್‌ಟಾಪಿನಲ್ಲಿ ಖಾಲಿ ಬಿಳಿ ಪುಟ ತೆರೆದಿಡಿ, ಇಲ್ಲವೇ ಮೋಡವಿಲ್ಲದ ಆಕಾಶಕ್ಕೆ ಹಿಡಿಯಿರಿ. ಫೋಕಸನ್ನು ಮ್ಯಾನ್ಯುಯಲ್ ಮಾಡಿ, ಬೇಕೆಂದೇ ಕೆಡಿಸಿ. ಎದುರಿನ ಪರದೆಯ ಗೆರೆ, ಧೂಳು ಫೋಟೊದಲ್ಲಿ ಮೂಡಬಾರದು, ಅದಕ್ಕೆ. ಈಗ ಎಫ್/16ರಲ್ಲಿ ಒಂದು ಫೋಟೊ ತೆಗೆಯಿರಿ. ಕೈ ಸ್ವಲ್ಪ ಅಲ್ಲಾಡಿದರೆ ಇಲ್ಲಿ ಒಳ್ಳೆಯದೇ. ಎದುರಿಗಿರುವುದೆಲ್ಲ ಕಲಸಿಹೋಗುತ್ತದೆ, ಸೆನ್ಸರಿಗೆ ಅಂಟಿದ್ದು ಮಾತ್ರ ನಿಂತಲ್ಲೇ ನಿಲ್ಲುತ್ತದೆ. ಆಮೇಲೆ ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು ಇನ್ನೊಂದು.

ಎರಡನ್ನೂ ಪಕ್ಕಪಕ್ಕ ಇಟ್ಟು ಕಾಂಟ್ರಾಸ್ಟ್ ಏರಿಸಿ ನೋಡಿ. ಎಫ್/16ರಲ್ಲಿ ಚುಕ್ಕೆ ಎದ್ದು ಕಾಣುತ್ತಿದೆ, ತೆರೆದದ್ದರಲ್ಲಿ ಮಾಯ ಆಗಿದೆ ಅಂದರೆ ಅದು ಸೆನ್ಸರಿನ ಧೂಳು. ಮಾಷ್ಟ್ರ ಕ್ಯಾಮೆರಾದಲ್ಲಿ ಹಾಗೆಯೇ ಆಯಿತು. ಎಫ್/16ರಲ್ಲಿ ಮೂರಲ್ಲ, ಏಳು ಚುಕ್ಕೆ ಕಂಡವು. ಎಫ್/1.8ರಲ್ಲಿ ಒಂದೂ ಇಲ್ಲ. ಬೇಕಲದಲ್ಲಿ ಅವರು ತೆಗೆದದ್ದೆಲ್ಲ ನಡು ಮಧ್ಯಾಹ್ನ, ಎಫ್/16ರಲ್ಲಿ. ಆಟದ ಫೋಟೊಗಳನ್ನು ತೆಗೆದದ್ದು ರಾತ್ರಿ, ಎಫ್/1.8 ಅಥವಾ ಎಫ್/2ರಲ್ಲಿ. ಅದಕ್ಕೇ ವೇಷಗಳ ಫೋಟೊದಲ್ಲಿ ಚುಕ್ಕೆ ಇರಲಿಲ್ಲ. ಆಕಾಶದಲ್ಲಿ ಮಾತ್ರ ಇತ್ತು.

ಇದರ ಕಾರಣ ತೋಟದಲ್ಲೇ ಸಿಗುತ್ತದೆ. ಬಿಸಿಲಿಗೆ ಅಡಿಕೆ ಮರದ ನೆರಳು ನೋಡಿ. ಬುಡದ ಹತ್ತಿರ ನೆರಳಿನ ಅಂಚು ಚೂಪು. ತುದಿಯ ಸೋಗೆಯ ನೆರಳು ನೆಲಕ್ಕೆ ಬೀಳುವಾಗ ಮಸುಕು. ಸೂರ್ಯ ಒಂದು ಬಿಂದುವಲ್ಲ, ತಟ್ಟೆ. ತಟ್ಟೆಯ ಬೇರೆ ಬೇರೆ ಭಾಗದಿಂದ ಬಂದ ಬೆಳಕು ದೂರದ ನೆರಳನ್ನು ಕಲಸಿಬಿಡುತ್ತದೆ. ಕ್ಯಾಮೆರಾದಲ್ಲಿ ಆ ತಟ್ಟೆ ಅಂದರೆ ಅಪರ್ಚರ್. ಎಫ್/1.8ರಲ್ಲಿ ತಟ್ಟೆ ದೊಡ್ಡದು, ಎಫ್/16ರಲ್ಲಿ ಚಿಕ್ಕದು.

ಧೂಳು ಕೂರುವುದು ಸೆನ್ಸರಿನ ಮೇಲೆಯೇ ಅಲ್ಲ, ಅದರ ಎದುರಿಗಿರುವ ತೆಳು ಗಾಜಿನ ಮೇಲೆ. ನಡುವೆ 1 ಮಿಲಿಮೀಟರ್ ಇದೆ ಎಂದುಕೊಳ್ಳೋಣ. ಎಫ್/1.8ರಲ್ಲಿ ಕಣದ ನೆರಳು ಅರ್ಧ ಮಿಲಿಮೀಟರಿಗೂ ಮೀರಿ ಹರಡಿ ತೆಳ್ಳಗಾಗುತ್ತದೆ. ಎಫ್/16ರಲ್ಲಿ ಹರಡುವುದು 0.06 ಮಿಲಿಮೀಟರ್ ಮಾತ್ರ. ನೆರಳು ಗಟ್ಟಿಯಾಗಿ ಬೀಳುತ್ತದೆ. ಲೆನ್ಸಿನ ಒಳಗಿನ ಧೂಳು ಇದಕ್ಕಿಂತ ಎಷ್ಟೋ ದೂರ ಇದೆ. ಅದರ ನೆರಳು ಸೋಗೆಯದ್ದಲ್ಲ, ಆಕಾಶದಲ್ಲಿ ಹಾರುವ ಹದ್ದಿನದ್ದು.

ಇನ್ನೂ ಅನುಮಾನ ಇದ್ದರೆ ಲೆನ್ಸ್ ಬದಲಿಸಿ. ಬೇರೆ ಲೆನ್ಸ್ ಹಾಕಿದರೂ ಚುಕ್ಕೆ ಅಲ್ಲೇ ಇದ್ದರೆ ಲೆನ್ಸಿನ ತಪ್ಪಿಲ್ಲ. ಲೆನ್ಸ್ ತೆಗೆಯಲಾಗದ ಚಿಕ್ಕ ಕ್ಯಾಮೆರಾ ಆದರೆ ಜೂಮ್ ಮಾಡಿ ನೋಡಿ. ಜೂಮ್ ಮಾಡಿದರೂ ಕದಲದೆ ಇದ್ದರೆ ಸೆನ್ಸರಿನದ್ದು. ದೊಡ್ಡದಾಗುತ್ತಾ, ಸರಿಯುತ್ತಾ, ಮಸುಕಾಗುತ್ತಾ ಹೋದರೆ ಲೆನ್ಸಿನದ್ದು. ಇಂಥ ಕ್ಯಾಮೆರಾದಲ್ಲಿ ಸೆನ್ಸರಿಗೆ ಧೂಳು ಕೂತರೆ ಮನೆಯಲ್ಲಿ ತೆಗೆಯಲು ದಾರಿ ಇಲ್ಲ, ಸರ್ವಿಸ್‌ಗೇ ಕೊಡಬೇಕು.

ಊದುವುದು, ಆದರೆ ಬಾಯಿಂದಲ್ಲ

ಸೆನ್ಸರಿನ ಧೂಳು ಎಂದು ಖಚಿತವಾದ ಮೇಲೆ ಮೊದಲು ಕ್ಯಾಮೆರಾದ್ದೇ ಕ್ಲೀನಿಂಗ್ ಮೆನು ಒತ್ತಿ ನೋಡಿ. ಸೆನ್ಸರಿನ ಎದುರಿನ ಗಾಜನ್ನು ನಡುಗಿಸಿ ಧೂಳು ಉದುರಿಸುವ ಈ ಉಪಾಯವನ್ನು ಮೊದಲು ತಂದದ್ದು ಒಲಿಂಪಸ್, 2003ರ ಇ-1 ಕ್ಯಾಮೆರಾದಲ್ಲಿ. ಈಗ ಲೆನ್ಸ್ ಬದಲಿಸುವ ಹೆಚ್ಚಿನ ಕ್ಯಾಮೆರಾಗಳಲ್ಲಿ ಅಂಥದ್ದು ಇದೆ. ಒಣ ಧೂಳು ಇದರಿಂದ ಉದುರಬಹುದು.

ಉದುರದಿದ್ದರೆ ರಬ್ಬರ್ ಬ್ಲೋವರ್. ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಎತ್ತಿ ನಿಂತಿರುವಾಗ ಬ್ಯಾಟರಿ ಮುಗಿದರೆ ಕನ್ನಡಿ ಕೆಳಗೆ ಬಡಿಯುತ್ತದೆ. ಮೆನುವಿನಲ್ಲಿ ಮ್ಯಾನ್ಯುಯಲ್ ಕ್ಲೀನಿಂಗ್ ಆರಿಸಿ, ಲೆನ್ಸ್ ತೆಗೆದು, ಕ್ಯಾಮೆರಾದ ಬಾಯಿಯನ್ನು ನೆಲದ ಕಡೆ ಮಾಡಿ ಹಿಡಿಯಿರಿ. ಬ್ಲೋವರನ್ನು ಮೊದಲು ನಾಲ್ಕು ಸಲ ಹೊರಗೆ ಒತ್ತಿ, ಅದರೊಳಗಿನ ಧೂಳು ಹೋಗಲಿ. ಆಮೇಲೆ ಕೆಳಗಿನಿಂದ ಐದಾರು ಸಲ ಜೋರಾಗಿ ಒತ್ತಿ. ಬ್ಲೋವರಿನ ಮೂತಿ ಒಳಗೆ ತಾಗಬಾರದು.

ಚುಕ್ಕೆ ಎಲ್ಲಿದೆ ಎಂದು ಹುಡುಕುವಾಗ ಒಂದು ವಿಷಯ ನೆನಪಿರಲಿ. ಸೆನ್ಸರಿನ ಮೇಲೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ. ನೀವು ಕ್ಯಾಮೆರಾದ ಬಾಯಿಯ ಎದುರಿನಿಂದ ನೋಡುತ್ತಿದ್ದರೆ ಎಡ ಎಡವೇ, ಬಲ ಬಲವೇ. ಮೇಲೆ ಕೆಳಗೆ ಮಾತ್ರ ಅದಲು ಬದಲು. ಮಾಷ್ಟ್ರ ಫೋಟೊದಲ್ಲಿ ಎಡಗಡೆ ಮೇಲಿದ್ದ ಚುಕ್ಕೆಯ ಧೂಳು ಸೆನ್ಸರಿನಲ್ಲಿ ಎಡಗಡೆ ಕೆಳಗೆ ಇತ್ತು.

ಬಾಯಿಂದ ಊದಬೇಡಿ. ಎಂಜಲಿನ ಹನಿ ಬಿದ್ದರೆ ಧೂಳಿಗಿಂತ ದೊಡ್ಡ ಕಲೆ. ಕಂಪ್ಯೂಟರ್ ಊದಲು ಮಾರುವ ಗಾಳಿ ಡಬ್ಬಿಯೂ ಬೇಡ. ಅದರಿಂದ ತಣ್ಣನೆಯ ದ್ರವ ಚಿಮ್ಮಿ ಗಾಜಿನ ಮೇಲೆ ಕೂತುಬಿಡುತ್ತದೆ.

ಮಾಷ್ಟ್ರ ಕ್ಯಾಮೆರಾದಲ್ಲಿ ಏಳರಲ್ಲಿ ಐದು ಚುಕ್ಕೆ ಬ್ಲೋವರಿಗೇ ಹೋದವು. ಎರಡು ಹೋಗಲಿಲ್ಲ. ಕಡಲ ಬದಿಯಲ್ಲಿ ಲೆನ್ಸ್ ಬದಲಿಸಿದರೆ ಹೀಗಾಗುತ್ತದೆ. ಉಪ್ಪು ನೀರಿನ ಸಣ್ಣ ಹನಿ ಬಿದ್ದು ಒಣಗಿದರೆ ಗಾಳಿಗೆ ಏಳುವುದಿಲ್ಲ. ಅದಕ್ಕೆ ಒದ್ದೆ ಸ್ವಾಬ್ (ಸೆನ್ಸರ್ ಒರೆಸುವ ಚಪ್ಪಟೆ ಕಡ್ಡಿ) ಬೇಕು. ನಿಮ್ಮ ಸೆನ್ಸರಿನ ಎತ್ತರಕ್ಕೆ ಸರಿಹೊಂದುವ ಅಗಲದ್ದು ತನ್ನಿ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾಕ್ಕೆ 16 ಮಿಲಿಮೀಟರ್, ದೊಡ್ಡ ಸೆನ್ಸರಿನ ಫುಲ್ ಫ್ರೇಮಿಗೆ 24. ಸೆನ್ಸರಿಗೆಂದೇ ಮಾಡಿದ ದ್ರವ ಎರಡು ಹನಿ ಸಾಕು. ಒಂದು ತುದಿಯಿಂದ ಇನ್ನೊಂದು ತುದಿಗೆ ಹಗುರವಾಗಿ ಒಮ್ಮೆ ಎಳೆಯಿರಿ. ಸ್ವಾಬಿನ ಇನ್ನೊಂದು ಮುಖದಿಂದ ವಾಪಸ್ ಒಮ್ಮೆ ಎಳೆಯಿರಿ. ಎಸೆಯಿರಿ. ಅದೇ ಸ್ವಾಬಿನಿಂದ ಮೂರನೆಯ ಸಲ ಉಜ್ಜುವ ಆಸೆ ಬರುತ್ತದೆ, ಬೇಡ. ಕೈ ನಡುಗುವವರು ಇದನ್ನು ಬೇರೆಯವರಿಂದ ಮಾಡಿಸಿ. ಅದರಲ್ಲಿ ನಾಚಿಕೆ ಏನೂ ಇಲ್ಲ.

ಕ್ಲೀನ್ ಮಾಡಿದ ಮೇಲೂ ಅದೇ ಮೂಲೆಯಲ್ಲಿ ಮತ್ತೆ ಮತ್ತೆ ಚುಕ್ಕೆ ಬಂದರೆ ಧೂಳು ಹೊರಗಿನದ್ದಲ್ಲ, ಕ್ಯಾಮೆರಾದ ಒಳಗೇ ಹುಟ್ಟುತ್ತಿರಬಹುದು. 2012ರಲ್ಲಿ ಬಂದ ನಿಕಾನ್ ಡಿ600 ಕ್ಯಾಮೆರಾ ಇದಕ್ಕೇ ಹೆಸರಾಗಿತ್ತು. ಮರುವರ್ಷ ಹೊಸ ಶಟರಿನ ಡಿ610 ಬಂತು. 2014ರಲ್ಲಿ ಕಂಪನಿ ಡಿ600 ಇದ್ದವರಿಗೆ ಉಚಿತವಾಗಿ ಶಟರ್ ಬದಲಿಸಿ ಕೊಡಲು ಮುಂದಾಯಿತು. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವವರು ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಲೆನ್ಸಿನ ಧೂಳು ಕಾಣುವುದೂ ಉಂಟು

ಲೆನ್ಸಿನ ಧೂಳು ಎಂದೂ ಏನೂ ಮಾಡುವುದಿಲ್ಲ ಎಂದು ನಾನು ಹೇಳುವುದಿಲ್ಲ. ಅದೇ ಸಾಸಿವೆ ಕಾಗದ ಅಂಟಿಸಿದ ಲೆನ್ಸಿನಲ್ಲಿ ಎಫ್/16 ಇಟ್ಟು ಮಾಷ್ಟ್ರಿಂದ ಇನ್ನೊಂದು ಫೋಟೊ ತೆಗೆಸಿದೆ. ಈ ಸಲ ನಡುವಿನಲ್ಲಿ ಒಂದು ಮಬ್ಬು ನೆರಳು ಬಂತು. ಅಂಚಿಲ್ಲದ, ಮೋಡದಂಥ ನೆರಳು. ಯಾಕೆಂದರೆ ಈಗ ಬಾಯಿಯ ಅಗಲ 3 ಮಿಲಿಮೀಟರ್ ಮಾತ್ರ. 2 ಮಿಲಿಮೀಟರ್ ಕಾಗದ ಅದರಲ್ಲಿ ದೊಡ್ಡ ಪಾಲು ಮುಚ್ಚಿತು. 18 ಎಂಎಂ ಲೆನ್ಸ್ ಎಫ್/16ರಲ್ಲಿ ಆದರೆ ಬಾಯಿಯ ಅಗಲ 1 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗಾಗಿ ಅಗಲ ನೋಟದ ಲೆನ್ಸ್, ಚಿಕ್ಕ ಅಪರ್ಚರ್, ಕಣವೂ ದೊಡ್ಡದು, ಈ ಮೂರೂ ಒಟ್ಟಿಗೆ ಬಂದರೆ ಲೆನ್ಸಿನ ಧೂಳು ಮಬ್ಬಾಗಿ ಕಾಣಬಹುದು. ಹಿಂದಿನ ಗಾಜಿನ ಮೇಲಿನ ಧೂಳಿಗೆ ಸ್ವಲ್ಪ ಹೆಚ್ಚು ಬೆಲೆ ಕೊಡಿ, ಅದು ಸೆನ್ಸರಿಗೆ ಹತ್ತಿರ. ಅದೃಷ್ಟಕ್ಕೆ ಅದನ್ನು ಹೊರಗಿನಿಂದಲೇ ಊದಿ ತೆಗೆಯಬಹುದು.

ಇನ್ನೊಂದು ಕಡೆ ಕಾಣುತ್ತದೆ: ಫೋಕಸ್ ತಪ್ಪಿದ ದೀಪಗಳಲ್ಲಿ. ಮಧೂರು ಜಾತ್ರೆಯಲ್ಲಿ ವ್ಯಕ್ತಿಯೊಬ್ಬರ ಫೋಟೊ ತೆಗೆಯುತ್ತೀರಿ, ಹಿಂದೆ ಸೀರಿಯಲ್ ಲೈಟುಗಳು ದುಂಡು ದುಂಡಾಗಿ ಅರಳುತ್ತವೆ. ಆ ದುಂಡುಗಳನ್ನು ದೊಡ್ಡದು ಮಾಡಿ ನೋಡಿ. ಒಳಗಿನ ಧೂಳು, ಕೂದಲಿನ ಎಳೆ ಎಲ್ಲ ಅದರಲ್ಲಿ ಸಣ್ಣ ಕಪ್ಪು ಗುರುತಾಗಿ ಅಚ್ಚಾಗಿರುತ್ತದೆ, ಪ್ರತಿ ದುಂಡಿನಲ್ಲೂ ಅದೇ ಗುರುತು. ಮಾಷ್ಟ್ರ ಲೆನ್ಸಿನ ಆ ಎಳೆಯನ್ನು ನಾವು ಹೀಗೆಯೇ ಹಿಡಿದೆವು. ಫೋಟೊ ನೋಡುವವರು ಅಷ್ಟು ಹತ್ತಿರ ಹೋಗಿ ನೋಡುವುದಿಲ್ಲ. ಆದರೆ ಲೆನ್ಸಿನ ಧೂಳು ಲೆನ್ಸಿನದ್ದೇ ಎಂದು ಗುರುತಿಸಲು ಇದು ಒಳ್ಳೆಯ ದಾರಿ.

ರಾತ್ರಿ ಫೋಟೊದ ಬೆಳ್ಳಿ ಉಂಡೆಗಳು

ಜಾಗ ಬದಲಿಸುವ ಕಲೆಯ ಬಗ್ಗೆ ಆಮೇಲೆ ಹೇಳುತ್ತೇನೆ ಎಂದಿದ್ದೆ. ಕೋಲದ ರಾತ್ರಿ ಫ್ಲಾಶ್ ಹಾಕಿ ತೆಗೆದ ಫೋಟೊದಲ್ಲಿ ಬಿಳಿ, ಪಾರದರ್ಶಕ ಉಂಡೆಗಳು ತೇಲುತ್ತಿರುವುದನ್ನು ನೀವು ನೋಡಿರಬಹುದು. "ಲೆನ್ಸ್ ಹಾಳಾಗಿದೆ" ಎಂದು ಕೆಲವರು ಬರುತ್ತಾರೆ. ಇದು ಬೇರೆ ಏನೋ ಎಂದು ಮೆಲ್ಲಗೆ ಕೇಳುವವರೂ ಇದ್ದಾರೆ. ನಾನು ಎಲ್ಲರಿಗೂ ಒಂದೇ ಉತ್ತರ ಹೇಳುತ್ತೇನೆ. ಕುಣಿತದ ಕಾಲಿಗೆ ಎದ್ದ ಧೂಳು, ದೊಂದಿಯ ಬೂದಿ, ಮಂಜಿನ ಹನಿ ಲೆನ್ಸಿನ ಎದುರು ಒಂದು ಗೇಣು ದೂರದಲ್ಲಿ ತೇಲುತ್ತಿರುತ್ತದೆ. ಲೆನ್ಸಿನ ಪಕ್ಕದಲ್ಲೇ ಇರುವ ಫ್ಲಾಶ್ ಅದಕ್ಕೆ ನೇರವಾಗಿ ಬಡಿಯುತ್ತದೆ. ಫೋಕಸ್ ದೂರದ ದೈವದ ಮೇಲೆ ಇರುವುದರಿಂದ ಹತ್ತಿರದ ಕಣ ಹೊಳೆಯುವ ತಟ್ಟೆಯಾಗಿ ಮೂಡುತ್ತದೆ. ಮುಂದಿನ ಫೋಟೊದಲ್ಲಿ ಬೇರೆ ಜಾಗದಲ್ಲಿ ಇರುತ್ತದೆ. ಮೊಬೈಲಿನಲ್ಲಿ ಜಾಸ್ತಿ, ಯಾಕೆಂದರೆ ಅದರ ಫ್ಲಾಶ್ ಲೆನ್ಸಿಗೆ ಅಂಟಿಕೊಂಡೇ ಇದೆ.

ಫ್ಲಾಶ್ ಆಫ್ ಮಾಡಿ, ಐಎಸ್‌ಒ ಏರಿಸಿ ತೆಗೆಯಿರಿ, ಉಂಡೆ ಹೋಗುತ್ತದೆ. ದೊಂದಿಯ ಬೆಳಕಿನಲ್ಲಿ ಮುಖದ ಬಣ್ಣವೂ ಚೆನ್ನಾಗಿ ಬರುತ್ತದೆ.

ಮೊಬೈಲಿನ ಮಾತು ಬಂತಲ್ವಾ. ಮೊಬೈಲ್ ಫೋಟೊ ಮಬ್ಬಾಗಿ, ದೀಪಗಳಿಂದ ಉದ್ದ ಗೆರೆ ಎಳೆದ ಹಾಗೆ ಬಂದರೆ ಹೆಚ್ಚಿನ ಸಲ ಅದು ಬೆರಳಿನ ಎಣ್ಣೆ. ಹತ್ತಿ ಬಟ್ಟೆಯಿಂದ ಒರೆಸಿ ನೋಡಿ. ದೊಡ್ಡ ಕ್ಯಾಮೆರಾದಲ್ಲೂ ಮುಂದಿನ ಗಾಜಿನ ಮೇಲಿನ ಬೆರಳಚ್ಚು ಒಳಗಿನ ಐವತ್ತು ಕಣಕ್ಕಿಂತ ಹೆಚ್ಚು ಕೆಡಿಸುತ್ತದೆ.

ನಿಜವಾಗಿ ಹೆದರಬೇಕಾದದ್ದು ಫಂಗಸ್‌ಗೆ

ಟಾರ್ಚ್ ಹಾಕಿ ನೋಡುವುದಾದರೆ ಇದಕ್ಕೋಸ್ಕರ ನೋಡಿ. ಲೆನ್ಸಿನ ಅಪರ್ಚರ್ ತೆರೆದು, ಬೆಳಕನ್ನು ಓರೆಯಾಗಿ ಹಾಯಿಸಿ. ಬಿಡಿ ಬಿಡಿಯಾಗಿ ಮಿನುಗುವ ಕಣ ಧೂಳು. ಜೇಡನ ಬಲೆಯ ಹಾಗೆ ಕವಲೊಡೆದ ಎಳೆಗಳು, ಅದರಲ್ಲೂ ಗಾಜಿನ ಅಂಚಿನಿಂದ ಒಳಗೆ ಹಬ್ಬಿದ್ದರೆ ಅದು ಫಂಗಸ್. ಗಾಜಿಗೆ ಉಸಿರು ಬಿಟ್ಟ ಹಾಗೆ ಇಡೀ ಬಿಳಿ ಪೊರೆ ಕಂಡರೆ ಹಬೆ ಹಿಡಿದಿದೆ, ಒಳಗಿನ ಗ್ರೀಸಿನ ಆವಿ ಕೂತು ಹೀಗಾಗುತ್ತದೆ.

ಈ ಎರಡೂ ಫೋಟೊದಲ್ಲಿ ಚುಕ್ಕೆಯಾಗಿ ಬರುವುದಿಲ್ಲ. ಫೋಟೊ ಪೂರ್ತಿ ಸಪ್ಪೆಯಾಗುತ್ತದೆ. ಕಪ್ಪು ಕಪ್ಪಾಗಿ ಬರುವುದಿಲ್ಲ, ಬೂದು ಬಣ್ಣಕ್ಕೆ ತಿರುಗಿರುತ್ತದೆ. ಪರೀಕ್ಷೆ ಮಾಡಬೇಕಾದರೆ ಕತ್ತಲೆ ಕೋಣೆಯಲ್ಲಿ ಒಂದು ಬಲ್ಬನ್ನು ಫೋಟೊದ ಮೂಲೆಯಲ್ಲಿ ಬರುವ ಹಾಗೆ ಇಟ್ಟು ತೆಗೆಯಿರಿ. ಒಳ್ಳೆಯ ಲೆನ್ಸ್ ಆದರೆ ಬಲ್ಬಿನ ಸುತ್ತ ಮಾತ್ರ ಬೆಳಕು. ಫಂಗಸ್, ಹಬೆ ಹಿಡಿದದ್ದಾದರೆ ಇಡೀ ಫೋಟೊಕ್ಕೆ ಹೊಗೆ ಕವಿದ ಹಾಗೆ ಇರುತ್ತದೆ.

ಧೂಳು ಇದ್ದಷ್ಟೇ ಇರುತ್ತದೆ. ಫಂಗಸ್ ಬೆಳೆಯುತ್ತದೆ. ಅದು ಬಿಡುವ ಆಮ್ಲ ಗಾಜಿನ ಕೋಟಿಂಗನ್ನು ತಿನ್ನುತ್ತದೆ. ತಡವಾದರೆ ಒರೆಸಿದ ಮೇಲೂ ಗುರುತು ಹೋಗುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲಗಳೂ ನಿಲ್ಲುತ್ತವೆ. ನಾವು ಕ್ಯಾಮೆರಾ ಬ್ಯಾಗಿಗೆ ಹಾಕಿ ಕಪಾಟಿನಲ್ಲಿ ಇಡುತ್ತೇವೆ. ಮತ್ತೆ ತೆರೆಯುವುದು ದೀಪಾವಳಿ ಹೊತ್ತಿಗೆ. ಆ ಐದು ತಿಂಗಳಲ್ಲಿ ಬಟ್ಟೆಯ ಬ್ಯಾಗು ತೇವ ಹೀರಿ ಲೆನ್ಸಿಗೆ ಒಳ್ಳೆಯ ಫಂಗಸ್ ಗೂಡಾಗಿರುತ್ತದೆ. ಮಾಷ್ಟ್ರ ಇನ್ನೊಂದು ಲೆನ್ಸ್, ಅವರು ಚೆನ್ನಾಗಿದೆ ಎಂದುಕೊಂಡಿದ್ದ ಹಳೆಯ ಜೂಮ್, ನಾನು ಕೇಳಿ ತರಿಸಿ ನೋಡಿದೆ. ಅಂಚಿನಲ್ಲಿ ಎಳೆ ಶುರುವಾಗಿತ್ತು. ಬಿಚ್ಚಲು ಕೊಡಬೇಕಾದದ್ದು ಅದನ್ನು.

ಬಿಚ್ಚಿಸುವ ಮೊದಲು

ಕೆಲವು ವರ್ಷ ಹಿಂದೆ ನನ್ನದೇ ಒಂದು ಲೆನ್ಸನ್ನು ಧೂಳು ತೆಗೆಯಲು ಕೊಟ್ಟಿದ್ದೆ. ಯಾವ ಅಂಗಡಿ ಎಂದು ಹೇಳುವುದು ಬೇಡ. ವಾಪಸ್ ಬಂದಾಗ ಒಳಗೆ ಒಂದು ಕಣವೂ ಇರಲಿಲ್ಲ. ಖುಷಿಯಾಯಿತು. ಮರುವಾರ ಒಂದು ಮದುವೆಯ ಗ್ರೂಪ್ ಫೋಟೊ ತೆಗೆದೆ. ಬಲತುದಿಯಲ್ಲಿ ನಿಂತಿದ್ದ ನಾಲ್ಕು ಮಂದಿಯ ಮುಖ ಮಸುಕು. ಎಡತುದಿಯವರು ಸರಿಯಾಗಿದ್ದರು. ಗಾಜನ್ನು ಮತ್ತೆ ಕೂರಿಸುವಾಗ ಕೂದಲೆಳೆಯಷ್ಟು ಓರೆಯಾಗಿತ್ತು. ಅಷ್ಟು ಸಾಕು. ಆ ಮನೆಯವರಿಗೆ ಆ ನಾಲ್ಕು ಮುಖ ಇನ್ನೊಮ್ಮೆ ಸಿಗುವುದಿಲ್ಲ. ಅದರಲ್ಲಿ ಒಬ್ಬರು ಮದುಮಗಳ ಅಜ್ಜಿ. ಆ ಬೇಸರ ನನಗೆ ಇವತ್ತಿಗೂ ಇದೆ.

ಲೆನ್ಸ್ ರಿಪೇರಿಗೆ ಕೊಡುವ ಮೊದಲು, ಬಂದ ಮೇಲೆ, ಎರಡು ಸಲವೂ ಒಂದು ಗೋಡೆಯ ಫೋಟೊ ತೆಗೆದಿಡಿ. ಸಾರಣೆ ಮಾಡದ ಕೆಂಪುಕಲ್ಲಿನ ಗೋಡೆ ಇದಕ್ಕೆ ಹೇಳಿ ಮಾಡಿಸಿದ್ದು. ಅಷ್ಟು ತೂತು, ಅಷ್ಟು ಒರಟು ಬೇರೆ ಎಲ್ಲೂ ಸಿಗುವುದಿಲ್ಲ. ಗೋಡೆಗೆ ನೇರ ಎದುರಾಗಿ ಟ್ರೈಪಾಡ್ ಇಟ್ಟು, ಅಪರ್ಚರ್ ಪೂರ್ತಿ ತೆರೆದು ತೆಗೆಯಿರಿ. ನಾಲ್ಕು ಮೂಲೆಯ ಕಲ್ಲಿನ ತೂತುಗಳನ್ನು ಹೋಲಿಸಿ. ನಾಲ್ಕೂ ಸುಮಾರಾಗಿ ಒಂದೇ ಥರ ಇದ್ದರೆ ಸರಿ. ಒಂದು ಮೂಲೆ ಮಾತ್ರ ಕರಗಿದ್ದರೆ ಆವತ್ತೇ ಹಿಂದಕ್ಕೆ ಕೊಟ್ಟು ಕೇಳಿ.

ಧೂಳು ಇದೆ ಎಂಬ ಒಂದೇ ಕಾರಣಕ್ಕೆ ಬಿಚ್ಚಿಸಬೇಡಿ. ಫಂಗಸ್ ಇದ್ದರೆ ತಡ ಮಾಡದೆ ಬಿಚ್ಚಿಸಿ. ಹಬೆ ಹಿಡಿದಿದ್ದು, ಫೋಟೊ ಸಪ್ಪೆ ಬರುತ್ತಿದ್ದರೆ ಖರ್ಚು ಎಷ್ಟೆಂದು ಕೇಳಿ ಆಮೇಲೆ ಯೋಚಿಸಿ. ಕೆಲವು ಸಾದಾ ಲೆನ್ಸಿಗೆ ರಿಪೇರಿಯ ದುಡ್ಡಲ್ಲಿ ಇನ್ನೊಂದು ಸೆಕೆಂಡ್ ಹ್ಯಾಂಡ್ ಬರುತ್ತದೆ.

ಮಳೆಗಾಲಕ್ಕೆ ಡ್ರೈ ಕ್ಯಾಬಿನೆಟ್ ಇದ್ದರೆ ಒಳ್ಳೆಯದು, ತೇವ 40ರಿಂದ 50 ಪರ್ಸೆಂಟಿನಲ್ಲಿ ಇಡಿ. ಇಲ್ಲದಿದ್ದರೆ ರಬ್ಬರ್ ಅಂಚಿನ, ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಸಾಕು. ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲಿ ತೇವ ತೋರಿಸುವ ಸಣ್ಣ ಮೀಟರ್. ನೀಲಿ ಜೆಲ್ ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ, ನೀಲಿಯಾದ ಮೇಲೆ ತಣಿಸಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ಬ್ಯಾಗನ್ನು ಡಬ್ಬಿಯ ಹೊರಗಿಡಿ. ವಾರಕ್ಕೊಮ್ಮೆ ಲೆನ್ಸ್ ತೆಗೆದು ಹತ್ತು ಫೋಟೊ ತೆಗೆಯಿರಿ. ಮಾಷ್ಟ್ರು ಈಗ ಭಾನುವಾರ ಬೆಳಗ್ಗೆ ಅದನ್ನು ಮಾಡುತ್ತಾರೆ, ಅಂಗಳದ ಹಕ್ಕಿಗಳದ್ದು. ಧೂಳಿದ್ದ ಆ 50 ಎಂಎಂ ಲೆನ್ಸಿನಲ್ಲೇ ತೆಗೆದ ಒಂದು ಪಿಕಳಾರದ ಫೋಟೊ ಮೊನ್ನೆ ಕಳಿಸಿದ್ದರು. ಜುಟ್ಟಿನ ಒಂದೊಂದು ಗರಿಯೂ ಬಿಡಿಯಾಗಿ ಕಾಣುತ್ತಿತ್ತು.